ಪರ್ಸಿಮನ್ ತಿನ್ನುವ ಮೊದಲು ಅದರ ಒಗರನ್ನು ಅರಿಯಿರಿ

ದಸರಾ ಮುಗಿದು ದೀಪಾವಳಿ ಹತ್ತಿರವಾಗುವ ಹೊತ್ತಿಗೆ ಬಳ್ಳಾರಿ, ರಾಯಚೂರು, ಕೊಪ್ಪಳದ ದೊಡ್ಡ ಹಣ್ಣಿನ ಅಂಗಡಿಗಳಲ್ಲಿ ಸೇಬು, ದಾಳಿಂಬೆಯ ಪಕ್ಕಕ್ಕೆ ಕಿತ್ತಳೆ ಬಣ್ಣದ ಹಣ್ಣೊಂದು ಈಗೀಗ ಕಾಣಿಸಿಕೊಳ್ಳುತ್ತಿದೆ. ದೂರದಿಂದ ನೋಡಿದರೆ ಟೊಮೆಟೊ, ಹತ್ತಿರ ಹೋದರೆ ತೊಟ್ಟಿನ ಮೇಲೆ ದಪ್ಪನೆಯ ನಾಲ್ಕು ಎಲೆಗಳ ಟೋಪಿ. ಇದೇ ಪರ್ಸಿಮನ್. ಒಬ್ಬ ವ್ಯಾಪಾರಿ ಇದನ್ನು ಜಪಾನಿ ಹಣ್ಣು ಎಂದರೆ ಇನ್ನೊಬ್ಬ ಅಮರಫಲ ಎನ್ನುತ್ತಾನೆ, ಮತ್ತೊಬ್ಬ ರಾಮಫಲ ಎಂದೇ ಮಾರುತ್ತಾನೆ. ಈ ಕೊನೆಯ ಹೆಸರಿನಿಂದ ಗೊಂದಲ ಶುರುವಾಗುತ್ತದೆ. ನಮ್ಮ ಕಡೆಯ ನಿಜವಾದ ರಾಮಫಲ ಸೀತಾಫಲದ ಒಡಹುಟ್ಟು. ಪರ್ಸಿಮನ್ನಿಗೂ ಅದಕ್ಕೂ ಯಾವ ನಂಟೂ ಇಲ್ಲ. ರಾಮಫಲದ ಗುಣಗಳನ್ನು ಓದಿಕೊಂಡು ಪರ್ಸಿಮನ್ ತಿಂದರೆ ಲೆಕ್ಕ ತಪ್ಪುತ್ತದೆ.

ಚೀನಾ, ಜಪಾನ್, ಕೊರಿಯಾಗಳಲ್ಲಿ ನೂರಾರು ವರ್ಷಗಳಿಂದ ಬೆಳೆದು ಬಂದ ಈ ಮರದ ಸಸ್ಯಶಾಸ್ತ್ರೀಯ ಹೆಸರು ಡಯೋಸ್ಪೈರಸ್ ಕಾಕಿ. ನಮ್ಮ ದೇಶದಲ್ಲಿ ಹಿಮಾಚಲದ ಕುಲ್ಲು ಕಣಿವೆ, ಕಾಶ್ಮೀರ, ಉತ್ತರಾಖಂಡ ಮತ್ತು ನೀಲಗಿರಿಯ ಕೂನೂರಿನ ಸುತ್ತ ಬೆಳೆಯುತ್ತಾರೆ. ಮೊಗ್ಗೊಡೆಯಲು ಚಳಿಗಾಲದ ತಂಪು ಬೇಕಾದ ಮರವಿದು, ಬಳ್ಳಾರಿಯ ಬಿಸಿಲಿನಲ್ಲಿ ಆ ತಂಪು ಸಿಗುವುದಿಲ್ಲ. ಹಾಗಾಗಿ ನಮ್ಮ ಊರಿಗೆ ಬರುವ ಪ್ರತಿಯೊಂದು ಪರ್ಸಿಮನ್ನೂ ದೂರದ ಪ್ರಯಾಣ ಮಾಡಿ ಬಂದದ್ದೇ. ಬಹುಪಾಲು ಗಟ್ಟಿಯಿರುವಾಗಲೇ ಕಿತ್ತು ಕಳಿಸಿರುತ್ತಾರೆ. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಹಣ್ಣು ಹೊರಗಿನದಾದರೂ ಅದರ ಬಳಗ ನಮ್ಮದೇ. ಬೀಡಿ ಎಲೆಯ ಮರ, ಅಂದರೆ ತೂಪರ, ಕೆಲವು ಕಡೆ ತುಮರಿ ಎನ್ನುವ ಮರ ಇದೇ ಡಯೋಸ್ಪೈರಸ್ ಕುಲಕ್ಕೆ ಸೇರಿದ್ದು. ಬೇಸಿಗೆಯಲ್ಲಿ ಕುರುಚಲು ಕಾಡಿನ ಗುಡ್ಡಗಳಲ್ಲಿ ಹಳದಿಯಾಗಿ ಹಣ್ಣಾಗುತ್ತದೆ. ದರೋಜಿಯ ಕರಡಿಗಳಂಥ ಕರಡಿಗಳಿಗೆ ಅಚ್ಚುಮೆಚ್ಚಿನ ಹಣ್ಣು, ದನ ಕಾಯುವ ಹುಡುಗರಿಗೂ ಅಷ್ಟೆ. ತೂಪರವನ್ನು ಅರೆಹಣ್ಣಿನಲ್ಲಿ ಕಚ್ಚಿದವರಿಗೆ ಬಾಯಿ ಏನಾಗುತ್ತದೆಂದು ಬೇರೆ ಹೇಳಬೇಕಿಲ್ಲ. ನಾಲಿಗೆಗೆ ಸುಣ್ಣ ಬಳಿದಂತಾಗುತ್ತದೆ, ಕೆನ್ನೆಯ ಒಳಮೈ ಒಣಗಿ ಹಿಡಿದುಕೊಳ್ಳುತ್ತದೆ, ಎಷ್ಟು ನೀರು ಕುಡಿದರೂ ಬಿಡುವುದಿಲ್ಲ. ಪರ್ಸಿಮನ್ನಿನ ಗುಣ, ದೋಷ, ತಿನ್ನುವ ಕ್ರಮ ಎಲ್ಲವೂ ಈ ಒಗರಿನ ಸುತ್ತಲೇ ತಿರುಗುತ್ತವೆ.

ಒಗರು ಎಲ್ಲಿಂದ ಬರುತ್ತದೆ

ಒಗರು ಕೊಡುವ ವಸ್ತು ಟ್ಯಾನಿನ್. ಎಳೆ ಬಾಳೆಕಾಯಿ, ಅಳಲೆಕಾಯಿ, ಅಡಿಕೆ, ಕಡಕ್ ಚಹಾ ಎಲ್ಲದರಲ್ಲೂ ಇದರ ಬೇರೆ ಬೇರೆ ರೂಪಗಳಿವೆ. ಪರ್ಸಿಮನ್ ಕಾಯಿಯ ತಿರುಳಿನಲ್ಲಿ ಟ್ಯಾನಿನ್ನಿಗೆಂದೇ ದೊಡ್ಡ ಕೋಶಗಳಿವೆ. ಕಾಯಿ ಕಚ್ಚಿದಾಗ ಅವು ಒಡೆದು, ನೀರಿನಲ್ಲಿ ಕರಗುವ ಟ್ಯಾನಿನ್ ಹೊರಗೆ ಬರುತ್ತದೆ. ಅದಕ್ಕೆ ಪ್ರೋಟೀನ್ ಸಿಕ್ಕರೆ ಬಿಡುವುದಿಲ್ಲ, ಅಂಟಿಕೊಂಡು ಗಟ್ಟಿಮಾಡುತ್ತದೆ. ಬಾಯಿಗೆ ಜಾರುವಿಕೆ ಕೊಡುವುದು ಜೊಲ್ಲಿನಲ್ಲಿರುವ ಪ್ರೋಟೀನು. ಟ್ಯಾನಿನ್ ಅದನ್ನು ಹಿಡಿದು ಒಟ್ಟುಗೂಡಿಸಿಬಿಟ್ಟರೆ ನಾಲಿಗೆ ಮತ್ತು ಅಂಗುಳ ಒಂದಕ್ಕೊಂದು ಒರಟಾಗಿ ಉಜ್ಜುತ್ತವೆ. ಸಿಹಿ, ಹುಳಿಯಂತೆ ಇದು ರುಚಿಯಷ್ಟೇ ಆಗಿ ಉಳಿಯುವುದಿಲ್ಲ, ಚರ್ಮಕ್ಕೆ ತಾಗುವ ಅನುಭವವೂ ಹೌದು. ಚರ್ಮ ಹದಮಾಡುವವರು ತೊಗಲಿಗೆ ತಂಗಡಿ ತೊಗಟೆಯ ನೀರು ಹಾಕುವುದೂ ಇದೇ ಕೆಲಸಕ್ಕೆ: ತೊಗಲಿನ ಪ್ರೋಟೀನನ್ನು ಟ್ಯಾನಿನ್ ಬಿಗಿಮಾಡಲಿ ಎಂದು.

ಹಣ್ಣಾಗುವಾಗ ಟ್ಯಾನಿನ್ ಮಾಯವಾಗುವುದಿಲ್ಲ. ಅದರ ಅಣುಗಳು ಒಂದಕ್ಕೊಂದು ಕೂಡಿಕೊಂಡು, ನೀರಿನಲ್ಲಿ ಕರಗದಷ್ಟು ದೊಡ್ಡದಾಗುತ್ತವೆ. ಕರಗದ ಟ್ಯಾನಿನ್ ಜೊಲ್ಲಿನ ತಂಟೆಗೆ ಬರುವುದಿಲ್ಲ, ಆದ್ದರಿಂದ ಒಗರು ತಿಳಿಯುವುದಿಲ್ಲ. ಕೆಲವು ಹಣ್ಣುಗಳನ್ನು ಕತ್ತರಿಸಿದಾಗ ತಿರುಳಿನಲ್ಲಿ ಸಣ್ಣ ಸಣ್ಣ ಕಂದು ಚುಕ್ಕೆಗಳು ಕಾಣುತ್ತವಲ್ಲ, ಅವು ಹೀಗೆ ಗಟ್ಟಿಯಾದ ಟ್ಯಾನಿನ್ ಕೋಶಗಳು. ಕೊಳೆತದ್ದೆಂದು ಬಿಸಾಡಬೇಡಿ.

ಈ ಕೆಲಸವನ್ನು ಬೇಗ ಮಾಡಿಸುವ ದಾರಿಗಳೂ ಇವೆ. ಹಣ್ಣಿಗೆ ಆಮ್ಲಜನಕ ಸಿಗದಂತೆ ಮಾಡಿದರೆ ಅದರೊಳಗೆ ಅಸಿಟಾಲ್ಡಿಹೈಡ್ ಎಂಬ ವಸ್ತು ಹುಟ್ಟಿ ಟ್ಯಾನಿನ್ ಅಣುಗಳನ್ನು ಪರಸ್ಪರ ಬೆಸೆಯುತ್ತದೆ. ಸ್ಪೇನಿನಿಂದ ಬರುವ ರೋಜೋ ಬ್ರಿಲ್ಲಾಂಟೆ ತಳಿಯನ್ನು ಸುಮಾರು 20 ಡಿಗ್ರಿ ತಾಪದ ಕೋಣೆಯಲ್ಲಿ, ಶೇ 95ರಷ್ಟು ಇಂಗಾಲದ ಡೈಆಕ್ಸೈಡ್ ತುಂಬಿ, ಒಂದು ದಿನ ಇಡುತ್ತಾರೆ. ಹೊರಗೆ ಬಂದ ಹಣ್ಣು ಸೇಬಿನಂತೆ ಗಟ್ಟಿ, ಆದರೆ ಒಗರಿಲ್ಲ. ಜಪಾನಿನಲ್ಲಿ ಮದ್ಯ ಸಿಂಪಡಿಸಿ ಮುಚ್ಚಿಡುವ ಪದ್ಧತಿ ಇದೆ, ಕೊರಿಯಾದಲ್ಲಿ 40 ಡಿಗ್ರಿ ಬೆಚ್ಚಗಿನ ನೀರಿನಲ್ಲಿ ರಾತ್ರಿಯಿಡೀ ನೆನೆಸಿಡುವುದಿದೆ. ದಾರಿ ಬೇರೆಯಾದರೂ ಒಳಗೆ ನಡೆಯುವುದು ಒಂದೇ.

ಯಾವ ಜಾತಿ ಎಂದು ಗುರುತಿಸುವುದು

ತಿನ್ನುವವರ ದೃಷ್ಟಿಯಿಂದ ಪರ್ಸಿಮನ್ನಿನಲ್ಲಿ ಎರಡು ಪಂಗಡ. ಫುಯು ಎಂಬ ತಳಿ ಚಪ್ಪಟೆ, ಟೊಮೆಟೊ ಆಕಾರ, ಮರದಲ್ಲೇ ಒಗರು ಕಳೆದುಕೊಳ್ಳುತ್ತದೆ. ಬಣ್ಣ ಪೂರ್ತಿ ಬಂದಿದ್ದರೆ ಗಟ್ಟಿಯಾಗಿರುವಾಗಲೇ ಸೇಬಿನಂತೆ ಕತ್ತರಿಸಿ ತಿನ್ನಬಹುದು. ಹಚಿಯಾ ಎಂಬುದು ಬುಗುರಿಯಂತೆ ಉದ್ದ, ಕೆಳಗೆ ಮೊನೆ. ಅದು ಪೂರ್ತಿ ಮೆತ್ತಗಾಗಿ, ನೀರು ತುಂಬಿದ ಬಲೂನಿನಂತೆ ಕೈಯಲ್ಲಿ ತುಳುಕುವವರೆಗೆ ಬಾಯಿಗೆ ಹಾಕುವಂತಿಲ್ಲ.

ಆದರೆ ಆಕಾರವೊಂದನ್ನೇ ನಂಬಿದರೆ ಮೋಸ ಹೋಗುತ್ತೀರಿ. ಸ್ಪೇನಿನ ಹಣ್ಣು ಉದ್ದವಿದ್ದರೂ ಸಂಸ್ಕರಿಸಿದ್ದರಿಂದ ಗಟ್ಟಿಯಾಗಿದ್ದಾಗಲೇ ತಿನ್ನಲು ಬರುತ್ತದೆ. ಚಪ್ಪಟೆಯಾಗಿದ್ದೂ ಒಗರಾಗಿರುವ ತಳಿಗಳಿವೆ. ವ್ಯಾಪಾರಿಗೆ ತಳಿಯ ಹೆಸರು ಗೊತ್ತಿರುವುದು ಅಪರೂಪ, ಅದು ಅವನ ತಪ್ಪಲ್ಲ, ಪೆಟ್ಟಿಗೆಯ ಮೇಲೆ ಬರೆದಿರುವುದಿಲ್ಲ. ಆದ್ದರಿಂದ ಮನೆಯಲ್ಲೇ ಪರೀಕ್ಷೆ ಮಾಡಿಕೊಳ್ಳುವುದು ಒಳ್ಳೆಯದು.

ಮನೆಯಲ್ಲಿ ಹಳೆಯ ಕಬ್ಬಿಣದ ಈಳಿಗೆ ಇದ್ದರೆ ಅದೇ ಸಾಕು. ಈಳಿಗೆಯ ಅಲಗನ್ನು ಹುಣಸೆಹಣ್ಣಿನಿಂದ ಉಜ್ಜಿ ತೊಳೆದು ಒರೆಸಿ. ಹಣ್ಣಿನ ಒಂದು ಹೋಳು ಕೊಯ್ದು, ಕೊಯ್ದ ಮೈಯನ್ನು ಅಲಗಿಗೆ ಒತ್ತಿ ಐದು ನಿಮಿಷ ಬಿಡಿ. ಎತ್ತಿದಾಗ ಅಲಗಿನ ಮೇಲೆ, ಹೋಳಿನ ಮೇಲೆ ನೀಲಿಗಪ್ಪು ಕಲೆ ದಟ್ಟವಾಗಿ ಬಿದ್ದಿದ್ದರೆ ಕರಗುವ ಟ್ಯಾನಿನ್ ಇನ್ನೂ ಬಹಳವಿದೆ ಎಂದರ್ಥ. ಬಾಳೆಕಾಯಿ ಹೆಚ್ಚಿದಾಗ ಈಳಿಗೆ ಕಪ್ಪಾಗುವುದೂ ಇದೇ ಕಾರಣಕ್ಕೆ, ಕಬ್ಬಿಣವೂ ಟ್ಯಾನಿನ್ನೂ ಕೂಡಿದರೆ ಕಪ್ಪು ಮಸಿ ಹುಟ್ಟುತ್ತದೆ. ಪ್ರಯೋಗಾಲಯದವರು ಕಬ್ಬಿಣದ ಲವಣ ಹಚ್ಚಿದ ಕಾಗದಕ್ಕೆ ಹಣ್ಣಿನ ಹೋಳನ್ನು ಒತ್ತಿ ಒಗರನ್ನು ಅಳೆಯುತ್ತಾರೆ, ನಮ್ಮ ಈಳಿಗೆ ಅದರದೇ ಒರಟು ರೂಪ. ಸ್ಟೀಲ್ ಚಾಕುವಿನಲ್ಲಿ ಈ ಕಲೆ ಸರಿಯಾಗಿ ಬೀಳುವುದಿಲ್ಲ.

ಈಳಿಗೆ ಇಲ್ಲದಿದ್ದರೆ ಕಡಲೆಕಾಳಿನಷ್ಟು ತುಂಡು ನಾಲಿಗೆಯ ಮೇಲಿಟ್ಟು ಹದಿನೈದು ಸೆಕೆಂಡು ಕಾಯಿರಿ. ಒಗರು ತಟ್ಟನೆ ಬರುವುದಿಲ್ಲ, ಮೊದಲು ಸಿಹಿಯೆನಿಸಿ ಆಮೇಲೆ ಹಿಡಿಯುತ್ತದೆ. ಅವಸರದಲ್ಲಿ ಮೊದಲ ತುತ್ತೇ ದೊಡ್ಡದಾಗಿ ಕಚ್ಚಿದವರು ಜೀವಮಾನವಿಡೀ ಈ ಹಣ್ಣನ್ನು ಮುಟ್ಟದಿರುವುದಕ್ಕೆ ಇದೇ ಕಾರಣ.

ಕೊಳ್ಳುವಾಗ ಟೋಪಿಯ ಎಲೆ ಹಣ್ಣಿಗೆ ಅಂಟಿಕೊಂಡಿದೆಯೇ ನೋಡಿ. ಎಲೆಗೂ ಹಣ್ಣಿಗೂ ನಡುವೆ ಸಂದಿ ಬಿಟ್ಟಿದ್ದರೆ ಅಲ್ಲಿ ನೀರು, ಹುಳು ಹೊಕ್ಕು ಒಳಗಿನಿಂದ ಕೆಟ್ಟಿರಬಹುದು. ಸಿಪ್ಪೆಯ ಮೇಲಿನ ಕಪ್ಪು ಗೀರುಗಳು ಒಣಗಿದ್ದರೆ ಚಿಂತೆಯಿಲ್ಲ. ಆ ಜಾಗ ಮೆತ್ತಗಿದ್ದು ಹುಳಿ ವಾಸನೆ ಬಂದರೆ ಬೇಡ.

ಹಣ್ಣು ಮಾಡುವುದು

ಗಟ್ಟಿಯಾದ ಒಗರು ಹಣ್ಣು ಮನೆಗೆ ಬಂದಿತೆಂದು ಇಟ್ಟುಕೊಳ್ಳಿ. ಟೋಪಿಯ ಕಡೆ ಕೆಳಗೆ ಮಾಡಿ, ಹತ್ತಿಬಟ್ಟೆಯ ಮೇಲೆ ಒಂದಕ್ಕೊಂದು ತಾಗದಂತೆ ಜೋಡಿಸಿ. ನಾಲ್ಕು ಹಣ್ಣಿಗೆ ಎರಡು ಚೆನ್ನಾಗಿ ಮಾಗಿದ ಬಾಳೆಹಣ್ಣು ಸೇರಿಸಿ ಕಾಗದದ ಚೀಲದಲ್ಲಿ ಮಡಚಿಡಿ. ಬಾಳೆಹಣ್ಣು ಬಿಡುವ ಎಥಿಲೀನ್ ಅನಿಲ ಪರ್ಸಿಮನ್ನನ್ನು ಮಾಗಿಸುತ್ತದೆ. ಮೂರರಿಂದ ಆರು ದಿನ ಹಿಡಿಯುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಬೆವರಿ ಬೂಸು ಹಿಡಿಯುತ್ತದೆ. ದೀಪಾವಳಿಯ ಹೊತ್ತಿಗೂ ನಮ್ಮಲ್ಲಿ ಹಗಲು 30 ಡಿಗ್ರಿ ಮುಟ್ಟುವುದರಿಂದ ಅಟ್ಟದ ಮೇಲೆ, ತಗಡಿನ ಕೆಳಗೆ ಇಡಬೇಡಿ. ಸಿಪ್ಪೆ ಬಾಡುತ್ತದೆ, ಒಳಗೆ ಒಗರು ಹಾಗೇ ಉಳಿಯುತ್ತದೆ. ನೆಲದ ತಂಪಿರುವ ಒಳಕೋಣೆ ಸೂಕ್ತ. ಸಿಪ್ಪೆ ಗಾಜಿನಂತೆ ಅರೆಪಾರದರ್ಶಕವಾಗಿ, ಮುಟ್ಟಿದರೆ ಒಳಗೆಲ್ಲ ರಸದಂತೆ ಅನಿಸಿದಾಗ ಹಣ್ಣು ತಯಾರು.

ಕಾರ್ಬೈಡ್ ಪುಡಿ ಹಾಕಿ ಹಣ್ಣು ಮಾಡುವುದನ್ನು ದೇಶದ ಆಹಾರ ಸುರಕ್ಷತಾ ನಿಯಮ ನಿಷೇಧಿಸಿದೆ. ಮನೆಯಲ್ಲೂ ಆ ಹಾದಿ ಹಿಡಿಯಬೇಡಿ.

ಅವಸರವಿದ್ದರೆ ಇನ್ನೊಂದು ಉಪಾಯ: ಹಣ್ಣನ್ನು ಫ್ರೀಜರಿನಲ್ಲಿ ಒಂದು ದಿನ ಗಟ್ಟಿಯಾಗಿ ಹೆಪ್ಪುಗಟ್ಟಿಸಿ, ಹೊರಗಿಟ್ಟು ಕರಗಲು ಬಿಡಿ. ಕೋಶಗಳೊಡೆದು ಟ್ಯಾನಿನ್ ತಿರುಳಿನ ಬೇರೆ ವಸ್ತುಗಳಿಗೆ ಅಂಟಿಕೊಂಡು ಒಗರು ಬಹಳಷ್ಟು ತಗ್ಗುತ್ತದೆ. ಆದರೆ ಮೆತ್ತಗಾಗಿಬಿಡುತ್ತದೆ, ಚಮಚದಲ್ಲೇ ತಿನ್ನಬೇಕು. ಇನ್ನು ಗಟ್ಟಿಯಾಗಿ ತಿನ್ನುವ ಫುಯುವನ್ನು ಫ್ರಿಜ್ಜಿನ ಕೆಳಗಿನ ಅರೆಯಲ್ಲಿ ವಾರಗಟ್ಟಲೆ ಇಟ್ಟರೆ ತಣ್ಣನೆಯ ಹೊಡೆತಕ್ಕೆ ತಿರುಳು ರಬ್ಬರಿನಂತೆ, ಆಮೇಲೆ ಲೋಳೆಯಂತೆ ಆಗುತ್ತದೆ. ಎರಡು ಮೂರು ದಿನಕ್ಕೆ ಆಗುವಷ್ಟೇ ತರುವುದು ಜಾಣತನ.

ಪೋಷಕಾಂಶದ ಲೆಕ್ಕ

ಅಮೆರಿಕದ ಕೃಷಿ ಇಲಾಖೆಯ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ತಾಜಾ ಜಪಾನಿ ಪರ್ಸಿಮನ್ನಿನಲ್ಲಿ ಸುಮಾರು 80 ಗ್ರಾಂ ನೀರು, 70 ಕಿಲೊಕ್ಯಾಲೊರಿ, 18.6 ಗ್ರಾಂ ಕಾರ್ಬೊಹೈಡ್ರೇಟ್ (ಪಿಷ್ಟ, ಸಕ್ಕರೆ, ನಾರು ಸೇರಿ), ಅದರಲ್ಲಿ 3.6 ಗ್ರಾಂ ನಾರು ಮತ್ತು 12.5 ಗ್ರಾಂ ಸಕ್ಕರೆ ಇವೆ. ಪ್ರೋಟೀನ್ ಅರ್ಧ ಗ್ರಾಂ ಆಸುಪಾಸು, ಕೊಬ್ಬು ಲೆಕ್ಕಕ್ಕಿಲ್ಲ. ಒಂದು ಹಣ್ಣು ಸುಮಾರು 168 ಗ್ರಾಂ ತೂಗುತ್ತದೆ ಎಂದು ಹಿಡಿದರೆ 118 ಕಿಲೊಕ್ಯಾಲೊರಿ, 6 ಗ್ರಾಂ ನಾರು ಸಿಗುತ್ತದೆ.

ನಾರೇ ಈ ಹಣ್ಣಿನ ದೊಡ್ಡ ಗುಣ. 2000 ಕಿಲೊಕ್ಯಾಲೊರಿ ಉಣ್ಣುವವರಿಗೆ ದಿನಕ್ಕೆ ಸುಮಾರು 30 ಗ್ರಾಂ ನಾರು ಬೇಕು ಎನ್ನುತ್ತದೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ. ಅದರ ಐದನೇ ಒಂದು ಪಾಲು ಒಂದೇ ಹಣ್ಣಿನಿಂದ ಬರುತ್ತದೆ. ಜೋಳದ ರೊಟ್ಟಿ, ಪುಂಡಿಪಲ್ಲೆ, ಕಾಳುಪಲ್ಲೆ ಬಿಟ್ಟು ಮೂರೂ ಹೊತ್ತು ಸೋನಾ ಮಸೂರಿ ಅನ್ನಕ್ಕೆ ವಾಲಿರುವ ಗಂಗಾವತಿ, ಸಿಂಧನೂರು ಕಡೆಯ ಮನೆಗಳಲ್ಲಿ ಮಲಬದ್ಧತೆ ಸಾಮಾನ್ಯ ದೂರಾದರೆ ಆಶ್ಚರ್ಯವಿಲ್ಲ. ಅಲ್ಲಿ ಇಂಥ ಹಣ್ಣು ನೆರವಾಗುತ್ತದೆ, ಪೂರ್ತಿ ಮಾಗಿದ್ದರೆ ಮಾತ್ರ. ಒಗರು ಹಣ್ಣು ತಿಂದರೆ ಉಲ್ಟಾ, ಮಲ ಇನ್ನಷ್ಟು ಕಟ್ಟಬಹುದು. ಹೊಟ್ಟೆ ಕೆಟ್ಟಾಗ ಮನೆಯ ಹಿರಿಯರು ಒಗರು ಪದಾರ್ಥ ಕೊಡುತ್ತಿದ್ದುದನ್ನು ನೆನೆದರೆ ಇದು ಅರ್ಥವಾದೀತು.

ಎರಡನೆಯದು ಬಣ್ಣ. ಕಿತ್ತಳೆ ಬಣ್ಣ ಕೊಡುವ ಕ್ಯಾರೊಟಿನಾಯ್ಡುಗಳಲ್ಲಿ ಇಲ್ಲಿ ಮುಖ್ಯವಾದದ್ದು ಬೀಟಾ-ಕ್ರಿಪ್ಟೊಜಾಂಥಿನ್, 100 ಗ್ರಾಮಿಗೆ 1,447 ಮೈಕ್ರೊಗ್ರಾಂ. ಜೊತೆಗೆ 253 ಮೈಕ್ರೊಗ್ರಾಂ ಬೀಟಾ-ಕ್ಯಾರೊಟಿನ್. ಎರಡನ್ನೂ ದೇಹ ಎ ವಿಟಮಿನ್ನಾಗಿ ಮಾರ್ಪಡಿಸಿಕೊಳ್ಳುತ್ತದೆ, ಆದರೆ ಒಂದೇ ದರದಲ್ಲಿ ಅಲ್ಲ. ಬೀಟಾ-ಕ್ಯಾರೊಟಿನ್ನಾದರೆ 12 ಮೈಕ್ರೊಗ್ರಾಂ, ಕ್ರಿಪ್ಟೊಜಾಂಥಿನ್ನಾದರೆ 24 ಮೈಕ್ರೊಗ್ರಾಂ ಒಂದು ಮೈಕ್ರೊಗ್ರಾಂ ಎ ವಿಟಮಿನ್ನಿಗೆ ಸಮ. ಭಾಗಿಸಿ ಕೂಡಿಸಿದರೆ 100 ಗ್ರಾಮಿಗೆ 81, ಒಂದು ಹಣ್ಣಿಗೆ 136 ಮೈಕ್ರೊಗ್ರಾಂ. ಹೆಣ್ಣುಮಕ್ಕಳಿಗೆ ದಿನಕ್ಕೆ ಬೇಕಾದ 840ರಲ್ಲಿ ಇದು ಆರನೇ ಒಂದರಷ್ಟು. ಹಣ್ಣೊಂದರಿಂದ ಇಷ್ಟು ಬಂದರೆ ಒಳ್ಳೆಯದೇ. ಆದರೆ ಕ್ಯಾರೊಟಿನಾಯ್ಡುಗಳು ಕರುಳಿನಿಂದ ಒಳಗೆ ಹೋಗಲು ತುಸು ಜಿಡ್ಡು ಬೇಕು. ಶೇಂಗಾ ಹಿಂಡಿ ಹಾಕಿಕೊಂಡು ಊಟ ಮಾಡಿದ ಮೇಲೆ ಹಣ್ಣು ತಿಂದರೆ ಆ ಜಿಡ್ಡು ತಾನಾಗಿ ಸಿಗುತ್ತದೆ.

ಕಣ್ಣಿಗೆ ಒಳ್ಳೆಯದು ಎಂಬ ಮಾತು ಲೂಟಿನ್ ಮತ್ತು ಜಿಯಾಜಾಂಥಿನ್ ಎಂಬ ಇನ್ನೆರಡು ವರ್ಣದ್ರವ್ಯಗಳಿಂದ ಬಂದದ್ದು. ಕಣ್ಣಿನ ಅಕ್ಷಿಪಟಲದ ನಡುಭಾಗದಲ್ಲಿ ಇವು ಶೇಖರವಾಗಿರುತ್ತವೆ. ಒಂದು ಹಣ್ಣಿನಲ್ಲಿ ಎರಡೂ ಸೇರಿ ಸುಮಾರು 1.4 ಮಿಲಿಗ್ರಾಂ ಇವೆ. ವಯಸ್ಸಾದವರ ದೃಷ್ಟಿದೋಷದ ಬಗ್ಗೆ ಅಮೆರಿಕದಲ್ಲಿ ನಡೆದು 2013ರಲ್ಲಿ ಫಲಿತಾಂಶ ಬಂದ ದೊಡ್ಡ ಅಧ್ಯಯನದಲ್ಲಿ ದಿನವೂ ಕೊಟ್ಟದ್ದು 10 ಮಿಲಿಗ್ರಾಂ ಲೂಟಿನ್, 2 ಮಿಲಿಗ್ರಾಂ ಜಿಯಾಜಾಂಥಿನ್. ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಹಣ್ಣು ಕಣ್ಣಿಗೆ ಆಹಾರ, ಔಷಧಿಯಲ್ಲ. ನುಗ್ಗೆ, ಮೆಂತ್ಯೆ, ಪಾಲಕ ಸೊಪ್ಪು ವಾರಕ್ಕೆ ನಾಲ್ಕು ಸಲ ಅಡುಗೆಗೆ ಬಿದ್ದರೆ ಕಣ್ಣಿಗೆ ಅದರಿಂದ ಹೆಚ್ಚು ಉಪಕಾರ.

ಪೊಟ್ಯಾಷಿಯಂ 100 ಗ್ರಾಮಿಗೆ 161 ಮಿಲಿಗ್ರಾಂ, ಸಾಧಾರಣ. ಮ್ಯಾಂಗನೀಸ್, ತಾಮ್ರ ಸ್ವಲ್ಪ ಸ್ವಲ್ಪ ಇವೆ.

ಎರಡು ಹಣ್ಣಿನ ಅಂಕಿ ಕಲಸಿದ್ದು

ಪರ್ಸಿಮನ್ನಿನಲ್ಲಿ ಸಿ ವಿಟಮಿನ್ ತುಂಬಿ ತುಳುಕುತ್ತದೆ, ಕಬ್ಬಿಣ ಹೇರಳ, ರಕ್ತ ಹೆಚ್ಚಿಸುತ್ತದೆ ಎಂದು ಬರೆದದ್ದನ್ನು ನೀವೂ ಓದಿರಬಹುದು. ಇದು ತಪ್ಪು, ಮತ್ತು ತಪ್ಪು ಎಲ್ಲಿ ಹುಟ್ಟಿತೆಂದು ಹೇಳಲು ಬರುತ್ತದೆ. ಅಮೆರಿಕದ ಕಾಡಿನಲ್ಲಿ ಡಯೋಸ್ಪೈರಸ್ ವರ್ಜಿನಿಯಾನಾ ಎಂಬ ಬೇರೆಯೇ ಪರ್ಸಿಮನ್ ಇದೆ, ಗಾತ್ರದಲ್ಲಿ ಚಿಕ್ಕದು. ಆಹಾರ ಕೋಷ್ಟಕದಲ್ಲಿ ಅದರ 100 ಗ್ರಾಮಿಗೆ 66 ಮಿಲಿಗ್ರಾಂ ಸಿ ವಿಟಮಿನ್, 2.5 ಮಿಲಿಗ್ರಾಂ ಕಬ್ಬಿಣ ಎಂದಿದೆ. ನಮ್ಮ ಅಂಗಡಿಗೆ ಬರುವ ಜಪಾನಿ ಹಣ್ಣಿನಲ್ಲಿ ಸಿ ವಿಟಮಿನ್ 7.5, ಕಬ್ಬಿಣ ಬರೀ 0.15 ಮಿಲಿಗ್ರಾಂ. ಎರಡೂ ಹೆಸರು ಒಂದೇ ಆದ್ದರಿಂದ ಯಾರೋ ಕಾಡಿನ ಹಣ್ಣಿನ ಅಂಕಿಯನ್ನು ಅಂಗಡಿಯ ಹಣ್ಣಿಗೆ ಅಂಟಿಸಿದರು, ಉಳಿದವರು ನಕಲು ಮಾಡುತ್ತ ಹೋದರು.

ನಮ್ಮ ಸೀಮೆಯಲ್ಲಿ ಇದು ಸಣ್ಣ ತಪ್ಪಾಗಿ ಉಳಿಯುವುದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆ ಕಂಡುಬಂತು. ಗರ್ಭಿಣಿಗೆ ದಿನಕ್ಕೆ 27 ಮಿಲಿಗ್ರಾಂ ಕಬ್ಬಿಣ ಬೇಕು, ಒಂದು ಪರ್ಸಿಮನ್ ಕೊಡುವುದು ಕಾಲು ಮಿಲಿಗ್ರಾಂ. ಬಸುರಿಗೆ ರಕ್ತವಾಗಲಿ ಎಂದು ದುಬಾರಿ ಹಣ್ಣು ತಂದು ಕೊಡುವ ಮನೆಯವರ ಕಾಳಜಿ ದೊಡ್ಡದು, ಆದರೆ ಆ ದುಡ್ಡು ಈ ಕೆಲಸಕ್ಕೆ ಒದಗುವುದಿಲ್ಲ. ಅಷ್ಟೇ ಅಲ್ಲ, ಒಗರು ಉಳಿದ ಹಣ್ಣಿನ ಟ್ಯಾನಿನ್ ಕರುಳಿನಲ್ಲಿ ಕಬ್ಬಿಣವನ್ನೂ ಹಿಡಿದುಕೊಳ್ಳುತ್ತದೆ. ಈಳಿಗೆಯ ಮೇಲೆ ಬಿದ್ದ ಕಪ್ಪು ಮಸಿ ಹೊಟ್ಟೆಯೊಳಗೂ ಆಗುತ್ತದೆ ಎಂದುಕೊಳ್ಳಿ. ಹಾಗೆ ಕಟ್ಟಿಹೋದ ಕಬ್ಬಿಣ ಮೈಗೆ ಹತ್ತುವುದಿಲ್ಲ. ಆಶಾ ಕಾರ್ಯಕರ್ತೆ ಕೊಡುವ 60 ಮಿಲಿಗ್ರಾಂ ಕಬ್ಬಿಣದ ಕೆಂಪು ಮಾತ್ರೆಗೂ ಈ ಹಣ್ಣಿಗೂ ನಡುವೆ ಕನಿಷ್ಠ ಎರಡು ತಾಸು ಅಂತರವಿರಲಿ. ಚಹಾಕ್ಕೂ ಇದೇ ಮಾತು, ಇನ್ನೂ ಗಟ್ಟಿಯಾಗಿ: ಪರ್ಸಿಮನ್ ವರ್ಷಕ್ಕೊಂದು ತಿಂಗಳು ಬರುತ್ತದೆ, ಊಟವಾದ ಕೂಡಲೇ ಚಹಾ ಕುಡಿಯುವುದು ವರ್ಷವಿಡೀ ನಡೆಯುತ್ತದೆ. ಮಾತ್ರೆಯನ್ನು ನಿಂಬೆಹಣ್ಣಿನ ನೀರಿನ ಜೊತೆ ನುಂಗುವುದು ಅಥವಾ ಮೇಲೊಂದು ಪೇರಲ ತಿನ್ನುವುದು ಕಬ್ಬಿಣ ಹೀರಲು ನೆರವಾಗುತ್ತದೆ.

ಸಿ ವಿಟಮಿನ್ ಬೇಕಾದರೆ ಪೇರಲಕ್ಕೆ ಸಾಟಿಯಿಲ್ಲ. 100 ಗ್ರಾಮಿಗೆ 200 ಮಿಲಿಗ್ರಾಮಿಗೂ ಹೆಚ್ಚು, ನಾರು 5.4 ಗ್ರಾಂ. ಇದೇ ಕಾಲದಲ್ಲಿ ಬುಟ್ಟಿಗಟ್ಟಲೆ ಬರುವ ಸೀತಾಫಲದಲ್ಲೂ 36 ಮಿಲಿಗ್ರಾಂ ಸಿ ವಿಟಮಿನ್, 4.4 ಗ್ರಾಂ ನಾರು ಇದೆ. ಸಕ್ಕರೆ ಮಾತ್ರ ಪರ್ಸಿಮನ್ನಿಗಿಂತ ಹೆಚ್ಚು. ಪರ್ಸಿಮನ್ ನಮ್ಮ ಹಣ್ಣುಗಳನ್ನು ಮೀರಿಸುವುದು ಕ್ರಿಪ್ಟೊಜಾಂಥಿನ್ ಒಂದರಲ್ಲಿ. ರುಚಿ ಇಷ್ಟವಾಗಿ ತಿನ್ನುವವರು ಧಾರಾಳವಾಗಿ ತಿನ್ನಲಿ, ಆರೋಗ್ಯಕ್ಕಾಗಿ ಸಾಲ ಮಾಡಿ ತಿನ್ನಬೇಕಾದ ಹಣ್ಣಲ್ಲ.

ಕೊಲೆಸ್ಟರಾಲ್ ಇಳಿಸುತ್ತದೆ ಎಂಬ ಮಾತಿಗೆ ಸ್ವಲ್ಪ ಆಧಾರವಿದೆ, ಆದರೆ ಅದನ್ನು ಸರಿಯಾಗಿ ಓದಬೇಕು. ಜಪಾನಿನಲ್ಲಿ ನಡೆದು 2013ರಲ್ಲಿ ಪ್ರಕಟವಾದ ಒಂದು ಸಣ್ಣ ಪ್ರಯೋಗದಲ್ಲಿ ಟ್ಯಾನಿನ್ ತುಂಬಿದ ಪರ್ಸಿಮನ್ ನಾರನ್ನು ಬಿಸ್ಕತ್ತಿನಂಥ ತಿಂಡಿಯಲ್ಲಿ ಸೇರಿಸಿ ದಿನಕ್ಕೆ ಮೂರು ಸಲದಂತೆ 12 ವಾರ ಕೊಟ್ಟಾಗ ಕೊಲೆಸ್ಟರಾಲ್ ಇಳಿದಿತ್ತು. ಟ್ಯಾನಿನ್ ಪಿತ್ತರಸದ ಆಮ್ಲಗಳನ್ನು ಕರುಳಿನಲ್ಲಿ ಹಿಡಿದು ಹೊರಗೆ ಕೊಂಡೊಯ್ಯುತ್ತದೆ, ಹೊಸ ಪಿತ್ತರಸ ಮಾಡಲು ಯಕೃತ್ತು ರಕ್ತದ ಕೊಲೆಸ್ಟರಾಲ್ ಬಳಸುತ್ತದೆ. ಆದರೆ ಅದು ಕಾಯಿಯಿಂದ ಬೇರ್ಪಡಿಸಿ ಸಂಸ್ಕರಿಸಿದ ನಾರು. ನಾವು ತಿನ್ನುವ ಮಾಗಿದ ಹಣ್ಣಿಗೆ ಆ ಫಲಿತಾಂಶವನ್ನು ಹಾಗೇ ಹೊರಿಸಲಾಗದು. ಕಾಯಿಯನ್ನೇ ತಿಂದರಾಯಿತಲ್ಲ ಎಂದು ಯಾರಿಗಾದರೂ ಅನಿಸಿದರೆ ದಯವಿಟ್ಟು ಮುಂದಿನ ಭಾಗ ಓದಿ.

ಹೊಟ್ಟೆಯಲ್ಲಿ ಕಲ್ಲಾಗುವುದು

ಒಗರು ಪರ್ಸಿಮನ್ನಿನ ಟ್ಯಾನಿನ್ ಜಠರದ ಆಮ್ಲಕ್ಕೆ ಸಿಕ್ಕಾಗ ಅಂಟಂಟಾಗಿ ಹೆಪ್ಪುಗಟ್ಟಿ ಹಣ್ಣಿನ ನಾರು, ಸಿಪ್ಪೆ, ಪ್ರೋಟೀನುಗಳನ್ನು ಒಟ್ಟಿಗೆ ಸುತ್ತಿಕೊಳ್ಳುತ್ತದೆ. ಮತ್ತೆ ಮತ್ತೆ ತಿಂದರೆ ಉಂಡೆ ಬೆಳೆಯುತ್ತದೆ, ಕಲ್ಲಿನಂತೆ ಗಟ್ಟಿಯಾಗುತ್ತದೆ. ವೈದ್ಯರು ಇದನ್ನು ಬೆಜೋರ್ ಎನ್ನುತ್ತಾರೆ. ಬೇರೆ ತರಕಾರಿ ನಾರಿನ ಉಂಡೆಗಿಂತ ಪರ್ಸಿಮನ್ ಉಂಡೆ ಗಡಸು. ಇಂಥ ಉಂಡೆ ಕರಗಿಸಲು ಆಸ್ಪತ್ರೆಗಳಲ್ಲಿ ಕೋಲಾ ಪಾನೀಯ ಕೊಡುವ ಕ್ರಮವಿದೆ, ಪರ್ಸಿಮನ್ ಉಂಡೆ ಅದಕ್ಕೂ ಸುಲಭವಾಗಿ ಬಗ್ಗುವುದಿಲ್ಲ. ಎಂಡೊಸ್ಕೋಪಿಯಲ್ಲಿ ಒಡೆಯಬೇಕಾಗುತ್ತದೆ, ಕರುಳಿಗೆ ಜಾರಿ ಅಡ್ಡ ನಿಂತರೆ ಶಸ್ತ್ರಚಿಕಿತ್ಸೆ.

ಆರೋಗ್ಯವಂತರು ಮಾಗಿದ ಒಂದು ಹಣ್ಣು ತಿಂದರೆ ಇದು ಆಗುವುದಿಲ್ಲ ಎನ್ನುವಷ್ಟು ಅಪರೂಪ. ಹೆದರಬೇಕಾದವರು ಇವರು: ಹಿಂದೆ ಜಠರದ ಶಸ್ತ್ರಚಿಕಿತ್ಸೆ ಆದವರು, ಬಹಳ ವರ್ಷಗಳ ಸಕ್ಕರೆ ಕಾಯಿಲೆಯಿಂದ ಹೊಟ್ಟೆ ಖಾಲಿಯಾಗುವುದು ನಿಧಾನವಾದವರು, ಹಲ್ಲಿಲ್ಲದೆ ಸರಿಯಾಗಿ ಅಗಿಯಲಾಗದ ಹಿರಿಯರು. ಊಟ ಮಾಡಿ ನಾಲ್ಕೈದು ತಾಸಾದರೂ ಹೊಟ್ಟೆ ಭಾರ, ಎರಡು ತುತ್ತಿಗೇ ಸಾಕು ಅನ್ನಿಸುವುದು, ಹಿಂದಿನ ಹೊತ್ತಿನ ಅನ್ನ ವಾಂತಿಯಲ್ಲಿ ಬರುವುದು ನಿಧಾನವಾದ ಜಠರದ ಗುರುತು. ಅಂಥವರಿಗೆ ಈ ಹಣ್ಣು ಬೇಡವೇ ಬೇಡ.

ಕಾರ್ತಿಕದ ಉಪವಾಸ ಮಾಡುವವರು ಇನ್ನೊಂದು ವಿಷಯ ಗಮನಿಸಬೇಕು. ಹಣ್ಣಿನ ಕಾಲವೂ ಉಪವಾಸದ ಕಾಲವೂ ಒಂದೇ. ದಿನವಿಡೀ ಖಾಲಿಯಿದ್ದ ಹೊಟ್ಟೆಯಲ್ಲಿ ಆಮ್ಲವಿರುತ್ತದೆ, ಟ್ಯಾನಿನ್ನಿಗೆ ಅಡ್ಡಬರುವ ಬೇರೆ ಆಹಾರ ಇರುವುದಿಲ್ಲ. ಅಂಥ ಹೊತ್ತಿನಲ್ಲಿ ಮೂರು ನಾಲ್ಕು ಅರೆಮಾಗಿದ ಪರ್ಸಿಮನ್ ತಿಂದು ಉಪವಾಸ ಬಿಡುವುದು ಒಳ್ಳೆಯದಲ್ಲ. ಬಾಳೆಹಣ್ಣು, ಸಾಬುದಾಣಿ ಮೊದಲು, ಪರ್ಸಿಮನ್ ಆಮೇಲೆ ಒಂದು.

ಪರ್ಸಿಮನ್ ತಿಂದ ಕೆಲವು ದಿನಗಳಲ್ಲಿ ಮೇಲ್ಹೊಟ್ಟೆ ನೋವು, ವಾಂತಿ ಬಿಡದೆ ಕಾಡಿದರೆ, ಹೊಟ್ಟೆ ಉಬ್ಬಿ ಗಾಳಿಯೂ ಹೋಗದಿದ್ದರೆ ಅಜೀರ್ಣದ ಮಾತ್ರೆ ನುಂಗುತ್ತ ಕೂರಬೇಡಿ. ದೊಡ್ಡ ಆಸ್ಪತ್ರೆಗೆ ಹೋಗಿ, ಯಾವ ಹಣ್ಣು, ಎಷ್ಟು ತಿಂದಿರಿ ಎಂಬುದನ್ನು ವೈದ್ಯರಿಗೆ ತಪ್ಪದೆ ಹೇಳಿ. ನಮ್ಮ ಕಡೆ ಈ ಹಣ್ಣು ಹೊಸದು, ನೀವಾಗಿ ಹೇಳದಿದ್ದರೆ ಅವರಿಗೆ ಹೊಳೆಯದಿರಬಹುದು.

ಸಕ್ಕರೆ ಕಾಯಿಲೆ ಇದ್ದೂ ಜಠರ ಸರಿಯಿರುವವರು ತಿನ್ನಬಹುದು, ಅಳತೆ ಬೇಕು. ಒಂದು ಹಣ್ಣಿನಲ್ಲಿ 31 ಗ್ರಾಂ ಕಾರ್ಬೊಹೈಡ್ರೇಟ್ ಇದೆ, ಸುಮಾರು 45 ಗ್ರಾಂ ಹಿಟ್ಟಿನ ಒಂದು ಜೋಳದ ರೊಟ್ಟಿಯಷ್ಟು. ಅರ್ಧ ಹಣ್ಣು ಸಾಕು, ಅದೂ ಆ ಹೊತ್ತಿನ ಅರ್ಧ ರೊಟ್ಟಿ ಬಿಟ್ಟು. ಮನೆಯಲ್ಲಿ ಗ್ಲೂಕೊಮೀಟರ್ ಇದ್ದರೆ ಮೊದಲ ಸಲ ತಿನ್ನುವ ಮುಂಚೆ ಮತ್ತು ಎರಡು ತಾಸಿನ ನಂತರ ನೋಡಿಕೊಳ್ಳಿ, ನಿಮ್ಮ ಮೈಗೆ ಎಷ್ಟು ಒಗ್ಗುತ್ತದೆಂದು ಅದಕ್ಕಿಂತ ಚೆನ್ನಾಗಿ ಯಾರೂ ಹೇಳಲಾರರು.

ಅಡುಗೆಮನೆಯಲ್ಲಿ

ಗಟ್ಟಿ ಫುಯು ಕೋಸಂಬರಿಗೆ ಹೇಳಿಮಾಡಿಸಿದಂತಿದೆ. ನೆನೆಸಿದ ಹೆಸರುಬೇಳೆ ಅರ್ಧ ಬಟ್ಟಲು, ಸಿಪ್ಪೆ ತೆಗೆದು ಸಣ್ಣಗೆ ಹೆಚ್ಚಿದ ಒಂದು ಹಣ್ಣು, ಕೊತ್ತಂಬರಿ, ಹಸಿಮೆಣಸು, ಉಪ್ಪು, ಎರಡು ಚಮಚ ಹುರಿದ ಶೇಂಗಾ ಪುಡಿ, ಅರ್ಧ ನಿಂಬೆಹಣ್ಣು. ಹಣ್ಣಿನಲ್ಲಿ ಕೊರತೆಯಿರುವ ಸಿ ವಿಟಮಿನ್ನನ್ನು ನಿಂಬೆ, ಜಿಡ್ಡನ್ನು ಶೇಂಗಾ ತುಂಬಿಕೊಡುತ್ತವೆ. ಬೀಜವಿದ್ದರೆ ತೆಗೆಯಿರಿ, ಚಿಕ್ಕ ಮಕ್ಕಳಿಗೆ ಕೊಡುವಾಗ ಮರೆಯದೆ.

ಮೆತ್ತಗಾದ ಹಣ್ಣನ್ನು ಹಾಲಿನ ಜೊತೆ ಮಿಕ್ಸಿಗೆ ಹಾಕಿದರೆ ಜ್ಯೂಸ್ ಬದಲು ಗಟ್ಟಿ ಗಿಣ್ಣದಂತಾಗುತ್ತದೆ. ಹಾಲು ಒಡೆದಿಲ್ಲ, ಹಣ್ಣಿನ ಪೆಕ್ಟಿನ್ ಹಾಲಿನ ಕ್ಯಾಲ್ಸಿಯಂ ಜೊತೆ ಸೇರಿ ಹೆಪ್ಪುಗಟ್ಟಿದ್ದು. ಬೇಕೆಂದೇ ಹಾಗೆ ಮಾಡಬಹುದು: 200 ಗ್ರಾಂ ತಿರುಳು, 100 ಮಿಲಿಲೀಟರ್ ತಣ್ಣನೆಯ ಹಾಲು, ಅರ್ಧ ನಿಮಿಷ ತಿರುಗಿಸಿ, ಬಟ್ಟಲಿಗೆ ಸುರಿದು ಫ್ರಿಜ್ಜಿನಲ್ಲಿ ಅರ್ಧ ತಾಸು. ಸಕ್ಕರೆ ಬೇಡ. ತಿರುಳನ್ನು ಮೊದಲೇ ಕುದಿಸಿಬಿಟ್ಟರೆ ಹೀಗೆ ಸರಿಯಾಗಿ ಹೆಪ್ಪುಗಟ್ಟದು.

ಹಲ್ವಾ ಮಾಡುವವರು ಜಾಗ್ರತೆ. ಅನಿಲದ ಕೋಣೆಯಲ್ಲಿ ಒಗರು ತೆಗೆದ ಹಣ್ಣನ್ನು ಬೇಯಿಸಿದಾಗ ಬಿಸಿಗೆ ಟ್ಯಾನಿನ್ ಮತ್ತೆ ಬಿಚ್ಚಿಕೊಂಡು ಒಗರು ಮರಳಿ ಬರಬಹುದು. ತುಪ್ಪ, ಗೋಡಂಬಿ ಹಾಕಿ ಅರ್ಧ ತಾಸು ಕೈಯಾಡಿಸಿದ್ದು ಬಾಯಿಗಿಡಲಾಗದಂತಾದರೆ ಹೊಟ್ಟೆ ಉರಿಯುತ್ತದೆ. ಮೊದಲು ಒಂದು ಚಮಚ ತಿರುಳನ್ನು ಒಗ್ಗರಣೆ ಸೌಟಿನಲ್ಲಿ ಬಿಸಿಮಾಡಿ, ಆರಿಸಿ, ರುಚಿ ನೋಡಿ ಮುಂದುವರಿಯಿರಿ.

ಒಣಗಿಸಿದ ಪರ್ಸಿಮನ್ನೂ ಈಗ ಆನ್‌ಲೈನಿನಲ್ಲಿ ಸಿಗುತ್ತದೆ. ಅದರ ಮೈಮೇಲಿನ ಬಿಳಿ ಹಿಟ್ಟು ಒಳಗಿನಿಂದ ಹೊಮ್ಮಿ ಹರಳುಗಟ್ಟಿದ ಸಕ್ಕರೆ; ಬೂಸಾದರೆ ಹತ್ತಿಯಂತೆ ಎದ್ದಿರುತ್ತದೆ, ಹಸಿರು ಇಲ್ಲವೇ ಕಪ್ಪು ಛಾಯೆ, ಮುಗ್ಗಲು ವಾಸನೆ ಇರುತ್ತದೆ. ನೀರು ಹೋದದ್ದರಿಂದ 100 ಗ್ರಾಮಿಗೆ 274 ಕಿಲೊಕ್ಯಾಲೊರಿ, 802 ಮಿಲಿಗ್ರಾಂ ಪೊಟ್ಯಾಷಿಯಂ. ಮೂತ್ರಪಿಂಡದ ತೊಂದರೆಗೆ ಪೊಟ್ಯಾಷಿಯಂ ಕಡಿಮೆ ಮಾಡಲು ವೈದ್ಯರು ಹೇಳಿದ್ದರೆ ತಾಜಾ ಹಣ್ಣಿನ ಅರ್ಧ ಹೋಳಿಗೂ ಅವರನ್ನು ಕೇಳಿ, ಒಣಗಿದ್ದನ್ನಂತೂ ಮನೆಗೇ ತರಬೇಡಿ.